ಮೆಮೊರಿಯಲ್ಲಿದ್ದ ಮಾತು

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಆಕೆಗೆ ಎಲ್ಲದಕ್ಕೂ ಅವಸರ. ಡಿಸ್ಕಿಗೆ ಬರೆಯುತ್ತ ಕೂತರೆ ತಡವೆಂದು, ಕೌಂಟರಿನಲ್ಲಿ ರೋಗಿಗಳು ಹೇಳಿದ್ದನ್ನೆಲ್ಲ ಕರೆಂಟ್ ಇರುವವರೆಗಷ್ಟೇ ಉಳಿಯುವ ಮೆಮೊರಿಯಲ್ಲೇ ಇಡಿಸಿದ್ದಳು. "ಕಣ್ಣು ಮಿಟುಕಿಸೋದ್ರೊಳಗೆ ಡಾಕ್ಟರ ಮುಂದಿರುತ್ತೆ!" ಎಂದು ಜಂಬ ಕೊಚ್ಚಿದ್ದೂ ಆಗಿತ್ತು.

ಇಂದು ಕರೆಂಟ್ ಹೋಯಿತು, ಬ್ಯಾಟರಿಯೂ ಕೈಕೊಟ್ಟಿತು. ಮೆಮೊರಿ ಖಾಲಿ. ಬೆಳಗಿನಿಂದ ಜನ ತೋಡಿಕೊಂಡಿದ್ದೆಲ್ಲ ನೀರುಪಾಲು.

ಕರೆಂಟ್ ಬಂದ ಮೇಲೆ ಮತ್ತೆ ಕೇಳಿ ಬರೆದುಕೊಳ್ಳಲು ತಾನೇ ಕೌಂಟರಿಗೆ ಬಂದು ಕೂತಳು. "ಅಜ್ಜಿ, ಏನು ತೊಂದರೆ ಅಂತ ಇನ್ನೊಂದ್ಸಲ ಹೇಳ್ತೀರಾ?"

ಅಜ್ಜಿ ತಮ್ಮ ಹಿಂದೆ ಸಾಲುಗಟ್ಟಿದ್ದ ಗಂಡಸರತ್ತ ನೋಡಿದರು.

"ಬೆಳಗ್ಗೆ ಹೇಗೋ ಮನಸ್ಸು ಗಟ್ಟಿ ಮಾಡ್ಕೊಂಡು ಹೇಳಿದ್ದೆ ಕಣಮ್ಮ. ಇನ್ನೊಂದ್ಸಲ ನನ್ನ ಕೈಲಾಗಲ್ಲ," ಎಂದು ಬಾಗಿಲತ್ತ ನಡೆದರು.

ಆಕೆ ನಾಚಿಕೆಯಿಂದ ಕುಗ್ಗಿಹೋದಳು. ಪರದೆ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಮುಂದಿನವರನ್ನು ಕರೆಯಿತು.