ಶಾಲು ಬೀಸಿ ಹಿಡಿದ ಬೂತಾಯಿ

"ಶಾಲನ್ನು ಇನ್ನೂ ಎತ್ತರಕ್ಕೆ ಬೀಸಿ ಹಾರು" ಎಂದು ನಾನು ಹತ್ತನೆಯ ಸಲ ಹೇಳುವಾಗಲೇ, ಕಾಪು ಕಡಲಲ್ಲಿ ದೂರವಿದ್ದ ದೋಣಿಯೊಂದು ಗಕ್ಕನೆ ತಿರುಗಿ ಬಲೆ ಬಿಡತೊಡಗಿತು. ಅಕ್ಕನ ಮಗಳು ಶ್ರಾವ್ಯಳ ಭರತನಾಟ್ಯ ರಂಗಪ್ರವೇಶದ ಆಮಂತ್ರಣ ಪತ್ರಿಕೆಗೆ ಆ ದಿನವೇ ಫೋಟೊ ಬೇಕಿತ್ತು. ನನ್ನ ಕ್ಯಾಮೆರಾವೋ, ಪ್ರತಿ ಸಲವೂ ಅವಳು ನೆಲಕ್ಕಿಳಿದ ಮೇಲೆಯೇ ಕ್ಲಿಕ್ ಎನ್ನುತ್ತಿತ್ತು.

ಬಲೆಯ ಹಗ್ಗದೊಂದಿಗೆ ದಡಕ್ಕೆ ಬಂದ ಹಿರಿಯರೊಬ್ಬರು ನೇರವಾಗಿ ಶ್ರಾವ್ಯಳನ್ನು ಕೇಳಿದರು: "ಮೀನು ಎಲ್ಲಿ ಕಂಡದ್ದು ಮಗಳೇ? ಬಟ್ಟೆ ಬೀಸಿದ್ದು ನೀನೇ ಅಲ್ವಾ?" ದಡದಿಂದ ಬಟ್ಟೆ ಬೀಸಿದರೆ ಮೀನಿನ ಹಿಂಡು ಕಂಡಿದೆ ಎಂದು ಅವರಲ್ಲಿ ಅರ್ಥವಂತೆ. ಅದು ನೃತ್ಯವೆಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ತೆಪ್ಪಗೆ ಅವರೊಂದಿಗೆ ಹಗ್ಗ ಎಳೆದೆವು. ನಡುವೆ ನಾನು ಹಗ್ಗ ಬಿಟ್ಟು ಕ್ಯಾಮೆರಾ ಎತ್ತಿಕೊಂಡೆ. ಅವಳು ಹಾರದಿದ್ದುದರಿಂದ ಫೋಟೊ ಸರಿಯಾಗಿ ಬಂತು. ಬಲೆ ದಡಕ್ಕೆ ಬಂದಾಗ ನೋಡಿದರೆ ಅದರ ತುಂಬ ಬೂತಾಯಿ ಮೀನು. "ಎಂತ ಕಣ್ಣು ಮಾರಾಯ್ರೆ ಇವಳದ್ದು. ನಾಳೆಯೂ ಕರ್ಕೊಂಡು ಬನ್ನಿ" ಎಂದು ಹಿರಿಯರು ನನ್ನ ಕೈಗೆ ಒಂದು ಚೀಲ ಮೀನು ಕೊಟ್ಟರು.

ಆಮಂತ್ರಣದಲ್ಲಿ ಅಚ್ಚಾದದ್ದು, ಗೆಜ್ಜೆಯ ಕಾಲನ್ನು ಮರಳಿಗೆ ಊರಿ, ಮೊಣಕಾಲು ಬಗ್ಗಿಸಿ ಹಗ್ಗ ಎಳೆಯುವ ಶ್ರಾವ್ಯಳ ಚಿತ್ರ. ಏಳು ವರ್ಷಗಳ ಕಲಿಕೆಯಲ್ಲಿ ಅವಳು ನಾಟ್ಯದ ಅರಮಂಡಿ ಭಂಗಿಯಲ್ಲಿ ಸರಿಯಾಗಿ ಕೂತದ್ದು ಇದೇ ಮೊದಲು ಎಂದು ಅವಳ ಗುರುಗಳು ಕಣ್ಣು ತುಂಬಿಕೊಂಡರು.