ಟಾವೆಲ್ ಟೋಪಿ ಯಾರ ಹೆಸರಿಗೆ?

ನಮ್ಮ ಕಡೆ ಲಗ್ನ ಇರ್ಲಿ, ಮನಿ ಶಾಂತಿ ಇರ್ಲಿ, ಗಂಡಸರಿಗೆ ಟಾವೆಲ್ ಟೋಪಿ ಕೊಟ್ಟು ಆಯೇರ ಮಾಡದಿದ್ರ ಹೋಳಿಗಿ ಉಣಿಸಿದ್ರೂ ಹೆಸರಿಲ್ಲ. ನಮ್ಮ ಮಾವಾರದು ಸೊಲ್ಲಾಪುರದಾಗ ಚಾದರ, ಟಾವೆಲ್ಲು, ಟೋಪಿ ಅಂಗಡಿ. ಹಿಂಗಾಗಿ ಅವರು ಯಾರ ಲಗ್ನಕ್ಕೂ ಕೈ ಬೀಸ್ಕೊಂಡು ಹೋದವರಲ್ಲ.

ನಾ ಅಕ್ಕಲಕೋಟದಾಕಿ. ಕಾಮರ್ಸ್ ಕಲ್ತದ್ದೂ ಅಲ್ಲೇ, ಅದೂ ಮರಾಠಿಯೊಳಗ. ಲಗ್ನ ಆಗಿ ಬಂದ ಮ್ಯಾಲ ಅಡಗಿ ಮನಿಗಿಂತ ಅಂಗಡಿ ಗಲ್ಲಾನೇ ನನಗ ಸೇರ್ತು. ಲೆಕ್ಕ ಅಂದ್ರ ಮಾವಾರಿಗೆ ತಲಿನೋವು. "ನೀನೇ ನೋಡವಾ" ಅಂತ ಕಂಪ್ಯೂಟರ್ ನನ್ನ ಕಡೆ ಸರಿಸಿಬಿಟ್ರು.

ಒಂದು ದೀಪಾವಳಿ ಮುಂದ ಮಾಲು ಎಣಿಸಿದ್ವಿ. ಕಂಪ್ಯೂಟರ್ ಹೇಳೂ ಲೆಕ್ಕಕ್ಕೂ ಕಪಾಟಿನ್ಯಾಗಿನ ಮಾಲಿಗೂ ತಾಳಮೇಳ ಇಲ್ಲ. ಟಾವೆಲ್ಲು, ಟೋಪಿ ಬಾಳ ಕಡಿಮಿ. ಮಾವಾರು ಕಾಕಾನ ಕಡೆ ನೋಡಿದ್ರು. ಕಾಕಾ ಅಂದ್ರ ಸಂಬಂಧಿಕ ಅಲ್ಲ, ಮಾರಾಟಕ್ಕ ನಿಲ್ಲಾಂವ. ದಿನಾ ಬೋರಾಮಣಿಯಿಂದ ಬಸ್ಸಿಗೆ ಬರ್ತಾನ, ನನ್ನ ಗಂಡ ಹುಟ್ಟೂಕಿಂತ ಮೊದ್ಲಿಂದ ಈ ಅಂಗಡ್ಯಾಗ ಅದಾನ. "ಹಬ್ಬ ಆದ ಮ್ಯಾಲ ಬರೂದು ಬ್ಯಾಡ" ಅಂದ್ರು ಮಾವಾರು. ಕಾಕಾ ಕಪಾಟು ಒರಸಾಕತ್ತಿದ. ನನಗ ಮೈಯೆಲ್ಲ ಉರದು ಹೋತು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗ ಇದು.

"ಮಾವಾರ, ಲಗ್ನಕ್ಕ ಒಯ್ತೀರಲ್ರಿ ಟಾವೆಲ್ಲು, ಟೋಪಿ. ಅವನ್ನ ಎಲ್ಲಿ ಬರಸೀರಿ?"

"ನನ್ನ ಅಂಗಡಿ ಮಾಲು ನಾ ಒಯ್ದ್ರ ಯಾಕ ಬರಸ್ಲಿ?"

"ಅಲ್ಲೇ ತಪ್ಪೈತ್ರಿ. ಲೆಕ್ಕದಾಗ ಅಂಗಡಿ ಬ್ಯಾರೆ, ಮಾಲಕ ಬ್ಯಾರೆ. ನೀವು ರೊಕ್ಕ ಹಾಕಿದ್ರ ಅಂಗಡಿ ಅದನ್ನ ನಿಮ್ಮ ಹೆಸರಿಗೆ ಜಮಾ ಮಾಡ್ಕೋತೈತಿ. ಒಂದು ಟೋಪಿ ಒಯ್ದ್ರೂ ಆ ಜಮಾದಾಗ ಕಳೀತೈತಿ. ನಮಗ ಕಲಿಸಿದ ಮೊದಲ್ನೇ ಪಾಠನೇ ಇದು."

"ಅಂದ್ರ ನನ್ನ ಅಂಗಡ್ಯಾಗ ನಾನೇ ಗಿರಾಕಿ ಏನು?" ಅಂತ ಸಿಟ್ಟಿಗೆದ್ರು.

ನನ್ನ ಸಿಟ್ಟೇನು ಕಡಿಮಿ? ಬಂದ ಲಗ್ನಪತ್ರಿಕಿ ಒಂದನ್ನೂ ಒಗೀದೇ ಚೀಲದಾಗ ತುಂಬಿಡೂದು ನಮ್ಮ ಅತ್ತಿಯವರ ಚಟ. ಆ ಚೀಲ ತಂದು ಗಾದಿ ಮ್ಯಾಲ ಸುರುವಿ, ಆ ವರ್ಷದ ಪತ್ರಿಕಿ ಆರಿಸಿದೆ. "ನಾಗಣಸೂರ ಬೀಗರ ಲಗ್ನಕ್ಕ ಎಷ್ಟು ಒಯ್ದ್ರಿ? ಇದಕ್ಕ?" ಅಂತ ಒಂದೊಂದೇ ಕೇಳ್ಕೋತ ಬರ್ದೆ. ಮೊದ್ಲ ಗುಡುಗ್ತಾ ಹೇಳಿದ್ರು, ಬರಬರ್ತಾ ದನಿ ಸಣ್ಣದಾತು. ಸಂಜಿಕ ಲೆಕ್ಕ ಕೂಡ್ತು. ಕಾಕಾನ ಮ್ಯಾಲ ಒಂದು ದಾರದ ಎಳಿನೂ ಬರಲಿಲ್ಲ. ನನಗಾದ ಖುಷಿ ನನ್ನ ಪರೀಕ್ಷಾ ಪಾಸಾದಾಗೂ ಆಗಿರಲಿಲ್ಲ.

ಮಾವಾರು ಜೀವಮಾನದಾಗ ಯಾರಿಗೂ "ತಪ್ಪಾತು" ಅಂದವರಲ್ಲ. ಅವತ್ತೂ ಅನ್ನಲಿಲ್ಲ.

ಲೆಕ್ಕೆಲ್ಲ ಕಂಪ್ಯೂಟರ್‌ದಾಗ ಇದ್ರೂ ದೀಪಾವಳಿ ಪಾಡ್ಯಾದ ಪೂಜಿಗೆ ನಮಗ ಲೆಕ್ಕ ಬರಿಯೂ ಕೆಂಪು ವಹಿನೇ ಬೇಕು. ಅವತ್ತು ಹೊಸಾ ವಹಿಗೆ ಕುಂಕುಮ ಹಚ್ಚಿದ ಮಾವಾರು ಕಾಕಾನ್ನ ಕರದು ಗಾದಿ ಮ್ಯಾಲ, ತಮ್ಮ ಜಾಗಾದಾಗ ಕುಂದ್ರಿಸಿದ್ರು. ಕಪಾಟಿನ್ಯಾಗಿಂದ ಎಲ್ಲಾಕಿಂತ ಚಲೋ ಟಾವೆಲ್ಲು ತಗದು ಹೆಗಲಿಗೆ ಹಾಕಿ, ತಲಿಗೆ ಟೋಪಿ ಇಟ್ಟು, ಕೈ ಮುಗುದ್ರು. ಕಾಕಾ ಆ ಹೊಸಾ ಟಾವೆಲ್ಲಿನಿಂದನೇ ಕಣ್ಣು ಒರಸ್ಕೊಂಡ.

ಮಾವಾರು ನನ್ನ ಕಡೆ ತಿರುಗಿ ಹೇಳಿದ್ರು: "ಯವ್ವಾ, ಹೊಸಾ ವಹ್ಯಾಗ ಮೊದ್ಲ ಇದನ್ನ ಬರಿ. ನನ್ನ ಹೆಸರಿಗೆ."