ಎರಡೂ ಹೋಳು ಸಾವ್ಕಾರರ ಚೀಲಕ್ಕೆ

ಭಕ್ತರೇ, ಇದನ್ನು ನೀವು ನಂಬುವುದಿಲ್ಲ. ಕಣ್ಣಾರೆ ಕಂಡ ನಮ್ಮ ಓಣಿಯವರೇ ನಂಬಿಲ್ಲ.

ಇದೇ ವರ್ಷ, 1979ರ ಶ್ರಾವಣ. ಅವ್ವನ ಹೊಟ್ಟೆಯಲ್ಲಿ ಕುಂಬಳಕಾಯಿಯಷ್ಟು ಗಡ್ಡೆ. ಡಾಕ್ಟರು ನಿಂಬೆಹಣ್ಣಿನಷ್ಟು ಅಂದರು, ಆದರೆ ಅವಳ ನರಳಾಟ ಕೇಳಿದವಳು ನಾನು. ಗುಲಬರ್ಗಾದಲ್ಲಿ ಬೇಗ ಆಪರೇಷನ್ ಆಗಬೇಕಿತ್ತು.

ಅಪ್ಪ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಷ್ ಮಾಡುವ ಕಾರ್ಖಾನೆಯಲ್ಲಿದ್ದ. ಪ್ರತಿ ಪಗಾರದಲ್ಲೂ ಪ್ರಾವಿಡೆಂಟ್ ಫಂಡಿಗೆಂದು ಒಂದು ಪಾಲು ಹಿಡಿಯುತ್ತಿದ್ದರು. ಅಷ್ಟೇ ಪಾಲು ಮಾಲೀಕರಾದ ಸಾವ್ಕಾರರೂ ಕೂಡಿಸಿ ಕಟ್ಟಬೇಕು. ಆ ದುಡ್ಡನ್ನೇ ನಂಬಿ ಫಂಡ್ ಆಫೀಸಿಗೆ ಹೋದ ಅಪ್ಪ, ಬಸ್ಸಿಳಿದು ಬಂದು ಕಟ್ಟೆಯ ಮೇಲೆ ಕುಸಿದ.

"ಅಲ್ಲೇನೂ ಇಲ್ಲಂತವ್ವ. ಸಾವ್ಕಾರ ನಂದೂ ಕಟ್ಟಿಲ್ಲ, ತಂದೂ ಕಟ್ಟಿಲ್ಲ."

"ಅವರಿಗಿ ಕೇಳಬೇಕಿಲ್ಲೇನಪ್ಪ?" ಅಂದೆ ನಾನು.

"ಕೇಳಿದೆ. ಮುಂದಿನ ತಿಂಗಳ ಅಂತಾನ."

ಗಡ್ಡೆಗೆ ಯಾರು ಹೇಳಬೇಕು, ಮುಂದಿನ ತಿಂಗಳವರೆಗೆ ತಡಿ ಅಂತ?

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಅಡ್ಡಾಡಿ ಅಡ್ಡಾಡಿ ನಮ್ಮನೆ ಫರಸಿಗೆ ಕಾರ್ಖಾನೆಗಿಂತ ಒಳ್ಳೆಯ ಪಾಲಿಷ್ ಬಂತು. ಕೊನೆಗೆ ಹನುಮಪ್ಪ ದೇವರ ಹತ್ತಿರ ಫಂಡಿನ ಕರಾರನ್ನೇ ಮಾಡಿಕೊಂಡೆ: "ಶನಿವಾರ ಉಪವಾಸ ಮಾಡ್ತೀನಿ, ಅದು ನನ್ನ ಪಾಲು. ಅಷ್ಟೇ ಪಾಲು ನೀನೂ ಹಾಕು. ನೀನೂ ಮುಂದಿನ ತಿಂಗಳ ಅನಬ್ಯಾಡಪ್ಪ!" ಉಪವಾಸಕ್ಕೆ ಶೇಂಗಾ ನಡೆಯುತ್ತದೆ. ಒಂದು ಸೇರಾದರೂ ನಡೆಯುತ್ತದೆ.

ಆ ಶನಿವಾರ ಗುಡಿಯಲ್ಲಿ ನನ್ನ ಮುಂದೆ ನಿಂತಿದ್ದವರು ಸಾಕ್ಷಾತ್ ಸಾವ್ಕಾರರು. ಪೂಜಾರಿ ಅವರ ಕಾಯಿ ಒಡೆದರು. ಒಂದು ಹೋಳು ದೇವರಿಗಿಟ್ಟು ಒಂದನ್ನು ಮರಳಿ ಕೊಡಬೇಕಾದವರು, ಗದ್ದಲದಲ್ಲಿ ಎರಡನ್ನೂ ಕೊಟ್ಟುಬಿಟ್ಟರು. ಸಾವ್ಕಾರರು ಎರಡನ್ನೂ ಚೀಲಕ್ಕಿಳಿಸಿದರು. ನನ್ನ ಬಾಯಿ ತಾನಾಗಿ ತೆರೆಯಿತು. ದೇವರಾಣೆ, ನಾನು ತೆರೆಯಲಿಲ್ಲ.

"ಸಾವ್ಕಾರ್ರ, ಅದ್ರಾಗ ಒಂದು ಹೋಳು ದೇವ್ರದ್ರಿ! ಫಂಡಿನಂಗ ಇವೂ ಎರಡೂ ನಿಮ್ಮ ಚೀಲಕ್ಕೇ ಹೋದ್ವಲ್ರಿ!"

 ಪಾಲಿಷ್ ಕೆಲಸದ ಹೆಣ್ಣುಮಕ್ಕಳು ನಕ್ಕ ನಗೆಗೆ ಗುಡಿಯ ಗಂಟೆ ತಾನೇ ಬಡಿದುಕೊಂಡಿತು.

"ನಮ್ಮವೂ ಅದೇ ಚೀಲದಾಗ ಅದಾವೇನು ನೋಡ ಯವ್ವಾ!" ಎಂದಳೊಬ್ಬಳು.

ಸಾವ್ಕಾರರ ಮುಖ ಹನುಮಪ್ಪನ ಸಿಂಧೂರಕ್ಕಿಂತ ಕೆಂಪಾಯಿತು. "ಯಾರ ಮಗಳ ನೀ?"

ಅಪ್ಪನ ನೌಕರಿ ಹೋಯಿತೆಂದೇ ತಿಳಿದೆ. ಆದರೂ ಅಪ್ಪನ ಹೆಸರು ಹೇಳಿದೆ. ಅವರು ಒಂದು ಹೋಳನ್ನು ದೇವರ ಮುಂದಿಟ್ಟು ಹೊರಟುಹೋದರು. ಮೂರು ದಿನ ನನಗೆ ಶೇಂಗಾ ಸಹ ಇಳಿಯಲಿಲ್ಲ.

ಮಂಗಳವಾರ ಕಾರ್ಖಾನೆಯ ಕಾರಕೂನ ಮನೆಗೇ ಬಂದು ಅಪ್ಪನಿಗೆ ಹೇಳಿದ. "ಎಲ್ಲಾರ್ದೂ ಎರಡೂ ಪಾಲು ಕಟ್ಟೀವಿ. ಹೋಗಿ ರೊಕ್ಕ ತಗೋ. ಇನ್ನ ಸಾವ್ಕಾರ್ರು ಗುಡಿಗಿ ಬರೂ ಹೊತ್ತಿಗಿ ನಿನ್ನ ಮಗಳಿಗಿ ಮನ್ಯಾಗ ಕೂಡ್ಸು ಮಾರಾಯ!"

ಆಪರೇಷನ್ ಆಯಿತು. ಹನುಮಪ್ಪ ತನ್ನ ಪಾಲು ಬಾಕಿ ಉಳಿಸಿಕೊಳ್ಳಲಿಲ್ಲ. ಯಾರು ನಕ್ಕರೂ ನಗಲಿ, ಇನ್ನು ಜನ್ಮದಲ್ಲಿ ನಾನು ಶನಿವಾರ ಬಿಡುವವಳಲ್ಲ.

ನಿನ್ನೆ ಭಜನೆಯ ಹೆಂಗಸರನ್ನು ಮನೆಯಲ್ಲಿ ಕೂಡಿಸಿಕೊಂಡು ಇದನ್ನೇ ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳುತ್ತಿದ್ದೆ. ಹನುಮಪ್ಪನ ಬಾಲ ಸಾವ್ಕಾರರ ಕೊರಳಿಗೆ ಸುತ್ತಿಕೊಳ್ಳುವ ಜಾಗಕ್ಕೆ ಬಂದಿದ್ದೆ, ಅಷ್ಟರಲ್ಲಿ ಎಲ್ಲರೂ ನನ್ನ ಬಿಟ್ಟು ಬಾಗಿಲ ಕಡೆ ನೋಡಿದರು. ಅವ್ವ! ಆಸ್ಪತ್ರೆಯಿಂದ ಇವತ್ತು ಬರಬೇಕಾಗಿದ್ದವಳು ಗುಲಬರ್ಗಾ ಬಸ್ಸಿಳಿದು, ಅಪ್ಪನ ಕೈಯನ್ನೂ ಹಿಡಿಯದೆ, ತನ್ನ ಕಾಲ ಮೇಲೆ ತಾನು ನಡೆದು ಬಂದಿದ್ದಳು.

"ಸಾಕು ಏಳ. ನಳಕ್ಕ ನೀರು ಬಂದಾವ, ಕೊಡ ತಗೋ."